ಮಗು ಯಾವ ಅಕ್ಷರದಲ್ಲಿ ನಿಂತಿದೆ?

‘ಅಕ್ಕಿ’ ಎಂದು ಬರೆದ ಕಾರ್ಡು ತೋರಿಸಿದರೆ ಮಗು ‘ಅಕಿಕ’ ಎಂದು ಓದುತ್ತದೆ. ಶಿಕ್ಷಕರು ತಿದ್ದುತ್ತಾರೆ. ಮಗು ಸರಿಯಾಗಿ ಹೇಳುತ್ತದೆ. ಮರುದಿನ ಮತ್ತೆ ‘ಅಕಿಕ’. ನಾಲ್ಕು ದಿನ ಹೀಗೇ ಆದರೆ ಪ್ರಗತಿಪತ್ರದಲ್ಲಿ ‘ನಿಧಾನ ಕಲಿಕೆ’ ಎಂಬ ಮಾತು ಬಂದು ಕೂರುತ್ತದೆ. ಆ ಮಾತಿನಿಂದ ಮರುದಿನದ ತರಗತಿಯಲ್ಲಿ ಏನು ಮಾಡಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ. ಆದರೆ ‘ಅಕಿಕ’ ಎಂಬ ತಪ್ಪಿನೊಳಗೇ ಉತ್ತರವಿದೆ. ಮಗು ಕಣ್ಣಿಗೆ ಬಿದ್ದ ಕ್ರಮದಲ್ಲೇ ಓದಿದೆ: ಮೊದಲು ಗುಡಿಸು ಹೊತ್ತ ‘ಕಿ’, ಆಮೇಲೆ ಕೆಳಗಿನ ‘ಕ’. ಕನ್ನಡದ ಬರವಣಿಗೆಯಲ್ಲಿ ಸ್ವರಚಿಹ್ನೆ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಉಚ್ಚಾರದಲ್ಲಿ ಅದು ಕೆಳಗಿನ ಒತ್ತಿಗೆ ಸೇರುತ್ತದೆ. ಈ ತಿರುವನ್ನು ಹೆಚ್ಚಿನ ಮಕ್ಕಳು ತಾವಾಗಿ ಹಿಡಿಯುತ್ತಾರೆ. ಕೆಲವರಿಗೆ ಅದನ್ನು ಬಿಡಿಸಿ ತೋರಿಸಬೇಕು.

ಬೇರೆಬೇರೆ ಮಟ್ಟದ ಮಕ್ಕಳಿರುವ ತರಗತಿಯಲ್ಲಿ ಮೊದಲ ಕೆಲಸ ಪ್ರತಿ ಮಗುವೂ ನಿಖರವಾಗಿ ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳುವುದು. ಇದಕ್ಕೆ ದೊಡ್ಡ ಪರೀಕ್ಷೆ ಬೇಡ. ಐದೈದು ಪದಗಳ ಐದು ಸಾಲು ಸಾಕು. ಮೊದಲ ಸಾಲಿನಲ್ಲಿ ಗುಣಿತವಿಲ್ಲದ ಪದಗಳು: ಮರ, ಬಲ, ಗಜ, ಅರಸ, ನಗರ. ಎರಡನೆಯದರಲ್ಲಿ ಗುಣಿತಾಕ್ಷರ: ಗಿಳಿ, ಹೂವು, ಮೇಕೆ, ಕೋಟೆ, ಸೌದೆ. ಮೂರನೆಯದರಲ್ಲಿ ಸಜಾತೀಯ ಒತ್ತು: ಅಕ್ಕಿ, ಬೆಲ್ಲ, ಹಣ್ಣು, ಕತ್ತೆ, ಕಪ್ಪೆ. ನಾಲ್ಕನೆಯದರಲ್ಲಿ ವಿಜಾತೀಯ ಒತ್ತು: ಪುಸ್ತಕ, ಚಂದ್ರ, ಅಗ್ನಿ, ಸೂರ್ಯ, ಶಾಸ್ತ್ರ. ಐದನೆಯದು ಅರ್ಥವಿಲ್ಲದ ಪದಗಳು: ಗಿಪ್ಪು, ತೊಲ್ಕಿ, ನಸ್ಮೆ, ಜಾಮುತೆ, ರುದಗಿ. ಈ ಕೊನೆಯ ಸಾಲನ್ನು ಬಿಡಬೇಡಿ. ‘ಪುಸ್ತಕ’ ಎಂಬ ಪದವನ್ನು ಮಗು ಚಿತ್ರದ ಹಾಗೆ ಇಡಿಯಾಗಿ ನೆನಪಿಟ್ಟುಕೊಂಡಿರಬಹುದು. ‘ನಸ್ಮೆ’ಯನ್ನು ಹಾಗೆ ಓದಲು ಬರುವುದಿಲ್ಲ, ಅಕ್ಷರ ಕೂಡಿಸಿಯೇ ಓದಬೇಕು. ನಾಲ್ಕನೇ ಸಾಲು ಸಲೀಸಾಗಿ ಓದಿ ಐದನೆಯದರಲ್ಲಿ ತಡವರಿಸುವ ಮಗು ಊಹೆಯ ಮೇಲೆ ಓದುತ್ತಿದೆ. ಪಾಠಗಳು ಉದ್ದವಾದ ಹಾಗೆ ಆ ಊಹೆ ಕೈಕೊಡುತ್ತದೆ.

ಒಂದು ಮಗುವಿಗೆ ಐದು ನಿಮಿಷ ಬೇಕು. ದಿನಕ್ಕೆ ಐದು ಮಕ್ಕಳಂತೆ ಮಾಡಿದರೆ ಮೂವತ್ತು ಮಕ್ಕಳ ತರಗತಿ ಒಂದು ವಾರದಲ್ಲಿ ಮುಗಿಯುತ್ತದೆ. ಪಡಸಾಲೆಯಲ್ಲೋ ಮೇಜಿನ ಬದಿಯಲ್ಲೋ ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಿ. ಎಲ್ಲರ ಮುಂದೆ ನಿಲ್ಲಿಸಿ ಓದಿಸಿದರೆ ನಿಮಗೆ ಸಿಗುವುದು ಮಗುವಿನ ಹೆದರಿಕೆಯ ಅಳತೆ. ಐದಕ್ಕೆ ನಾಲ್ಕು ಸರಿಯಾದರೆ ಆ ಸಾಲು ದಾಟಿತು ಎಂದುಕೊಳ್ಳಿ. ತಪ್ಪಿದ ಪದದ ಎದುರು ‘ತಪ್ಪು’ ಎಂದು ಗುರುತು ಹಾಕದೆ, ಮಗು ಏನೆಂದು ಓದಿತೋ ಅದನ್ನೇ ಬರೆಯಿರಿ. ‘ಅಕಿಕ’ ಎಂದು ಬರೆದಿಟ್ಟರೆ ಮರುದಿನದ ಪಾಠ ನಿಮ್ಮ ಕೈಯಲ್ಲಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಇದರಲ್ಲಿ ಮಕ್ಕಳಿಗೆ ತುಂಬ ಅನ್ಯಾಯವಾಗುತ್ತದೆ. ಹಳೇ ಮೈಸೂರು ಕಡೆಯ ಮಗು ‘ಹಾವು’ ಎಂಬುದನ್ನು ‘ಆವು’ ಎಂದು ಬರೆದರೆ ಅದು ನ್ಯೂನತೆಯಲ್ಲ, ಮನೆಯಲ್ಲಿ ಆಡುವ ಮಾತು. ‘ಭಾರತ’ವನ್ನು ‘ಬಾರತ’ ಎಂದು ಬರೆಯುವುದೂ ಹಾಗೆಯೇ. ಮಹಾಪ್ರಾಣ ನಮ್ಮ ದಿನದ ಮಾತಿನಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ, ಕೇಳಿಸದ್ದನ್ನು ಮಗು ಹೇಗೆ ಬರೆದೀತು? ಮನೆಯಲ್ಲಿ ಉರ್ದು ಆಡುವ ಮಗು ‘ಹಳ್ಳಿ’ಗೆ ‘ಹಲ್ಲಿ’ ಎನ್ನಬಹುದು. ಲಂಬಾಣಿ, ತುಳು, ಕೊಂಕಣಿ ಆಡುವ ಮನೆಗಳಿಂದ ಬಂದವರಿಗೆ ಪಾಠದ ಕನ್ನಡವೇ ಎರಡನೇ ಭಾಷೆ. ಅನುಮಾನ ಬಂದರೆ ಒಂದು ಚಿತ್ರ ಕೊಟ್ಟು ಮನೆಮಾತಿನಲ್ಲಿ ಕಥೆ ಹೇಳಲು ಬಿಡಿ. ಅದೇ ಮಾತಾಡುವ ಸಹಪಾಠಿ ಪಕ್ಕದಲ್ಲಿದ್ದರೆ ಒಳ್ಳೆಯದು. ಮನೆಮಾತಿನಲ್ಲಿ ಮೊದಲು, ಆಮೇಲೆ, ಕೊನೆಗೆ ಎಂದು ಸರಾಗವಾಗಿ ಕಥೆ ಕಟ್ಟುವ ಮಗುವಿಗೆ ಬೇಕಿರುವುದು ಕನ್ನಡ ಕೇಳುವ, ಆಡುವ ಅವಕಾಶ. ಮನೆಮಾತಿನಲ್ಲೂ ಪದ ಸಿಗದೆ ಒದ್ದಾಡಿದರೆ ಆಗ ತಜ್ಞರ ಕಡೆ ನೋಡಬೇಕು.

ಕಣ್ಣನ್ನೂ ಮೊದಲೇ ಗಮನಿಸಿ. ಪುಸ್ತಕ ನೋಡಿ ಸರಿಯಾಗಿ ನಕಲು ಮಾಡುವ ಮಗು ಕಪ್ಪುಹಲಗೆ ನೋಡಿ ಬರೆಯುವಾಗ ಮಾತ್ರ ತಪ್ಪು ಮಾಡಿದರೆ, ಓದಿನ ಚಿಕಿತ್ಸೆಗಿಂತ ಮೊದಲು ಕನ್ನಡಕದ ಪರೀಕ್ಷೆ ಆಗಲಿ.

ಈಗ ಮತ್ತೆ ‘ಅಕ್ಕಿ’ಗೆ ಬರೋಣ. ಮೊದಲು ಬರವಣಿಗೆ ಬೇಡ, ಕಿವಿ ಸಾಕು. ‘ಅಕ್’ ಎಂದು ಒಂದು ಚಪ್ಪಾಳೆ, ‘ಕಿ’ ಎಂದು ಇನ್ನೊಂದು. ಬೆಲ್-ಲ, ಹಣ್-ಣು, ಕತ್-ತೆ. ಎರಡು ದಿನ ಇಷ್ಟೇ. ಮಗು ತಾನಾಗಿ ಪದ ಒಡೆಯಲು ಕಲಿತ ಮೇಲೆ ಸ್ಲೇಟು ತೆಗೆಯಿರಿ. ‘ಅಕ್’ ಮತ್ತು ‘ಕಿ’ ಎಂದು ಬಿಡಿಬಿಡಿಯಾಗಿ ಬರೆಸಿ, ಕೆಳಗಡೆ ಕೂಡಿಸಿದ ರೂಪ ಬರೆಯಿರಿ. ಬಣ್ಣದ ಸೀಮೆಸುಣ್ಣ ಕೆಲಸಕ್ಕೆ ಬರುವುದು ಇಲ್ಲಿ. ‘ಕ್ಕಿ’ಯಲ್ಲಿ ಮೇಲಿನ ಕಕಾರದ ಮೈಯನ್ನು ಬಿಳಿಯಲ್ಲಿ ಬರೆದು, ಕೆಳಗಿನ ಒತ್ತನ್ನೂ ಮೇಲಿನ ಗುಡಿಸನ್ನೂ ಕೆಂಪಿನಲ್ಲಿ ಬರೆಯಿರಿ. ಒಟ್ಟಿಗೆ ಉಚ್ಚರಿಸಬೇಕಾದ ಎರಡಕ್ಕೂ ಒಂದೇ ಬಣ್ಣ. ಮಗು ಬಿಳಿಯದನ್ನು ಮೊದಲು ಓದಿ ತಡೆಯುತ್ತದೆ, ‘ಅಕ್’. ಆಮೇಲೆ ಕೆಂಪಿನದನ್ನು ಕೂಡಿಸುತ್ತದೆ, ‘ಕಿ’. ಹಲವು ಕಡೆ ಒತ್ತಿಗೆ ಮಾತ್ರ ಬಣ್ಣ ಹಾಕಿ ಗುಡಿಸನ್ನು ಬಿಳಿಯಲ್ಲೇ ಬಿಡುತ್ತಾರೆ. ಅದರಿಂದ ಒತ್ತು ಕಣ್ಣಿಗೆ ಕಾಣುತ್ತದೆ ನಿಜ, ಆದರೆ ‘ಅಕಿಕ’ ಎಂಬ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಒತ್ತುಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸಬೇಡಿ. ಗ, ಜ, ದ, ಬ ಮುಂತಾದವು ಒತ್ತಾದಾಗಲೂ ಗುರುತು ಸಿಗುವ ಹಾಗೆಯೇ ಇರುತ್ತವೆ. ಅವು ಮೊದಲು ಬರಲಿ. ತ, ನ, ಮ, ಯ, ರ, ಲ ಈ ಆರರ ಒತ್ತಿನ ರೂಪಕ್ಕೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಮಗುವಿನ ಪಾಲಿಗೆ ಇವು ಆರು ಹೊಸ ಅಕ್ಷರಗಳು. ಆದರೆ ಅಮ್ಮ, ಅಯ್ಯೋ, ಎಲ್ಲಿ, ಅನ್ನ ಎಂದು ದಿನಬಳಕೆಯ ಪದಗಳಲ್ಲಿ ಹೆಚ್ಚು ಬರುವುದೂ ಇವೇ. ಹಾಗಾಗಿ ಮುಂದೂಡಲಾಗದು. ಒಂದಕ್ಕೆ ಮೂರು ದಿನ ಕೊಟ್ಟು, ದಿನಕ್ಕೆ ಹತ್ತು ನಿಮಿಷ, ಮೂರೋ ನಾಲ್ಕೋ ಪದ ಸಾಕು. ಅರ್ಕಾವೊತ್ತನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ‘ಸೂರ್ಯ’ದಲ್ಲಿ ಆ ಚಿಹ್ನೆ ಯಕಾರದ ಆಚೆ ಕೂತಿದೆ, ಓದುವುದು ಮಾತ್ರ ಯಕಾರಕ್ಕಿಂತ ಮೊದಲು. ಅದರ ತಲೆಯ ಮೇಲಿಂದ ಹಿಂದಕ್ಕೆ ಒಂದು ಬಾಣ ಎಳೆದು ತೋರಿಸಿ. ಕೆಲವು ವಾರ ಆ ಬಾಣ ಇರಲಿ, ಮಗುವೇ ಬೇಡ ಎಂದಾಗ ತೆಗೆಯಿರಿ.

ಕಾಗುಣಿತದ ರಾಗವನ್ನು ನಾನು ಬೇಡವೆನ್ನುವುದಿಲ್ಲ. ‘ಕ ತಲಕಟ್ಟು ಕ, ಕ ದೀರ್ಘ ಕಾ, ಕ ಗುಡಿಸು ಕಿ’ ಎಂದು ಒಟ್ಟಾಗಿ ಹೇಳುವಾಗ ಹಿಂಜರಿಯುವ ಮಗುವಿನ ಬಾಯಿಯೂ ತೆರೆಯುತ್ತದೆ. ಆದರೆ ರಾಗ ಬಂದ ಮಾತ್ರಕ್ಕೆ ಅಕ್ಷರ ಬಂದಿದೆ ಎಂದಲ್ಲ. ಪಟದಲ್ಲಿ ಆರನೆಯ ಮನೆಗೆ ಕೋಲು ಇಟ್ಟು ಏನೆಂದು ಕೇಳಿ. ಮಗು ಮೊದಲಿಂದ ಎಣಿಸುತ್ತಾ ಬಂದರೆ ಅದು ಜಾಗವನ್ನು ಓದುತ್ತಿದೆ. ದಿನವೂ ಐದು ಗುಣಿತಾಕ್ಷರಗಳನ್ನು ಅಡ್ಡಾದಿಡ್ಡಿಯಾಗಿ ಕೇಳುವುದರಿಂದ ಇದು ಸರಿಹೋಗುತ್ತದೆ. ಪು, ಪೂ, ವು, ವೂ ಈ ನಾಲ್ಕನ್ನು ಪ್ರತ್ಯೇಕವಾಗಿ ಕಲಿಸಿ. ಉಳಿದ ಬಹುಪಾಲು ಅಕ್ಷರಗಳಿಗೆ ಕೊಂಬು ಬಲಕ್ಕೆ ಸೇರಿದರೆ ಇವಕ್ಕೆ ಕೆಳಗಿನಿಂದ ಸುತ್ತಿಕೊಳ್ಳುತ್ತದೆ. ‘ವು’ ಮತ್ತು ‘ಮ’ ಒಂದರಂತೆ ಒಂದು ಕಾಣುವುದರಿಂದ ‘ಹಾವು’ ‘ಹಾಮ’ ಆಗುವುದನ್ನು ತರಗತಿಯಲ್ಲಿ ಆಗಾಗ ಕೇಳಬಹುದು.

ಸಾಲು ತಪ್ಪುವ ಮಕ್ಕಳಿಗೆ, ಮಂದದೃಷ್ಟಿಯವರಿಗೆ ಓದುಕಿಟಕಿ ಮಾಡಿಕೊಡಿ. ಕಪ್ಪು ಡ್ರಾಯಿಂಗ್ ಹಾಳೆಯನ್ನು ಪುಸ್ತಕದ ಅಗಲಕ್ಕೆ ಕತ್ತರಿಸಿ, ನಡುವೆ ಒಂದು ಸಾಲು ಮಾತ್ರ ಕಾಣುವಂತೆ ಸೀಳು ತೆಗೆಯುವುದು. ಹೊಳಪಿಲ್ಲದ ಕಪ್ಪೇ ಬೇಕು, ಹೊಳೆಯುವ ಹಾಳೆ ಬೆಳಕನ್ನು ಕಣ್ಣಿಗೇ ತಿರುಗಿಸುತ್ತದೆ. ಇಂಗ್ಲಿಷ್ ಸಾಲಿನ ಅಳತೆಯಲ್ಲಿ ಸೀಳು ತೆಗೆದರೆ ಕನ್ನಡಕ್ಕೆ ಸಾಲದು. ಕೆಳಗಿನ ಒತ್ತು ಮುಚ್ಚಿಹೋಗಿ ‘ಬೆಲ್ಲ’ ‘ಬೆಲ’ ಆಗುತ್ತದೆ. ಪಾಠಪುಸ್ತಕದಲ್ಲೇ ‘ಸ್ತ್ರೀ’, ‘ಶಾಸ್ತ್ರ’ದಂಥ ಪದ ಹುಡುಕಿ, ಗುಡಿಸಿನ ತುದಿಯಿಂದ ಕೊನೆಯ ಒತ್ತಿನ ಬುಡದವರೆಗೆ ಅಳೆದು, ಮೇಲೂ ಕೆಳಗೂ 2 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಕಿಟಕಿಯನ್ನು ಒಬ್ಬ ಮಗುವಿಗೆ ಮಾತ್ರ ಕೊಟ್ಟರೆ ಅದು ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ಹತ್ತು ಮಾಡಿ ಡಬ್ಬಿಯಲ್ಲಿಟ್ಟು, ಬೇಕಾದವರು ತೆಗೆದುಕೊಳ್ಳಿ ಎಂದುಬಿಡಿ.

ಶ್ರವಣಯಂತ್ರ ಹಾಕಿಕೊಂಡ ಮಗು ತರಗತಿಯಲ್ಲಿದ್ದರೆ ಪ್ರತಿ ಬೆಳಗ್ಗೆ ಎರಡು ನಿಮಿಷದ ಒಂದು ಕೆಲಸವಿದೆ. ನನ್ನ ಮಟ್ಟಿಗೆ ಇದು ಹಾಜರಿಯಷ್ಟೇ ಮುಖ್ಯ. ಯಂತ್ರ ಕಿವಿಯ ಮೇಲಿದೆ ಎಂದರೆ ಕೇಳಿಸುತ್ತಿದೆ ಎಂದು ನಾವು ತಿಳಿಯುತ್ತೇವೆ. ಬ್ಯಾಟರಿ ಸತ್ತ ಯಂತ್ರ ಕಿವಿಗೆ ತುರುಕಿದ ಬಿರಡೆ ಅಷ್ಟೇ, ಇದ್ದ ಅಲ್ಪಸ್ವಲ್ಪವನ್ನೂ ತಡೆಯುತ್ತದೆ. ಪರೀಕ್ಷಿಸಲು ಆರು ಧ್ವನಿಗಳು ಸಾಕು: ಮ್, ಊ, ಆ, ಈ, ಶ್, ಸ್. ಶ್ರವಣದೋಷವಿರುವ ಮಕ್ಕಳ ಶಿಕ್ಷಣತಜ್ಞ ಡೇನಿಯಲ್ ಲಿಂಗ್ ರೂಪಿಸಿದ ಈ ಕ್ರಮ ಈಗ ಎಲ್ಲೆಡೆ ಬಳಕೆಯಲ್ಲಿದೆ. ಮಾತಿನ ತಗ್ಗು ಸ್ವರದಿಂದ ಎತ್ತರದ ಸ್ವರದವರೆಗಿನ ಹರವು ಈ ಆರರಲ್ಲಿ ಬಂದುಬಿಡುತ್ತದೆ. ಮಗುವಿನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಂತು, ಸಾಮಾನ್ಯ ದನಿಯಲ್ಲಿ ಒಂದೊಂದೇ ಹೇಳಿ. ಕೇಳಿಸಿದಾಗ ಮಗು ಅದನ್ನೇ ಹೇಳಬೇಕು, ಹೇಳಲು ಬಾರದ ಚಿಕ್ಕ ಮಗುವಾದರೆ ಬಟ್ಟಲಿಗೆ ಒಂದು ಹುಣಸೆಬೀಜ ಹಾಕಬೇಕು. ಎದುರಿಗೆ ನಿಂತು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹೇಳಿದರೆ ‘ಸ್’ ದನಿ ಕೈಯಲ್ಲೇ ಅಡಗಿಹೋಗುತ್ತದೆ, ಅದಕ್ಕೇ ಹಿಂದೆ ನಿಲ್ಲುವುದು. ಒಂದೇ ಲಯದಲ್ಲಿ ಹೇಳಬೇಡಿ. ಮೂರು ಸೆಕೆಂಡು ಬಿಟ್ಟು ಒಂದು, ಎಂಟು ಸೆಕೆಂಡು ಬಿಟ್ಟು ಇನ್ನೊಂದು. ಇಲ್ಲದಿದ್ದರೆ ಮಗು ಲಯಕ್ಕೆ ತಕ್ಕ ಹಾಗೆ ಬೀಜ ಹಾಕುತ್ತಾ ಹೋಗುತ್ತದೆ.

ಆರೂ ಕೇಳಿಸದಿದ್ದರೆ ಮೊದಲು ಬ್ಯಾಟರಿ ನೋಡಿ. ಕಿವಿಯ ಹಿಂದೆ ಕೂರುವ ದೊಡ್ಡ ಯಂತ್ರಗಳಿಗೆ ಸಾಮಾನ್ಯವಾಗಿ 675 ಅಥವಾ 13ನೇ ನಂಬರಿನ ಸೆಲ್ ಬರುತ್ತದೆ. 675ಕ್ಕೆ ನೀಲಿ, 13ಕ್ಕೆ ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಚೀಟಿ ಕಿತ್ತ ಮೇಲೆ ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು, ಈ ಸೆಲ್ಲುಗಳು ಗಾಳಿ ತಗುಲಿದಾಗಲೇ ಚಾಲೂ ಆಗುವುದು. ಮ್, ಊ, ಆ ಕೇಳಿಸಿ ಶ್, ಸ್ ಮಾತ್ರ ಕೇಳಿಸದೆ ಇದ್ದರೆ ನಳಿಕೆಯಲ್ಲಿ ಬೆವರಿನ ಹನಿ ಅಥವಾ ಕಿವಿಯ ಗುಗ್ಗೆ ಕಟ್ಟಿಕೊಂಡಿರಬಹುದು. ಸ್ವಚ್ಛ ಮಾಡಿದ ಮೇಲೂ ಹಾಗೇ ಇದ್ದರೆ ಶ್ರವಣತಜ್ಞರೇ ಯಂತ್ರವನ್ನು ಹೊಂದಿಸಬೇಕು. ಸೀಟಿ ಹೊಡೆದಂತೆ ಕೀರಲು ದನಿ ಬರುತ್ತಿದ್ದರೆ ಮಗುವಿನ ಕಿವಿ ಬೆಳೆದು, ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿರಬಹುದು, ಆಗ ಹೊಸ ಅಚ್ಚು ಬೇಕು. ಸೀಟಿ ತಡೆಯಲಾರದೆ ಯಂತ್ರದ ದನಿಯನ್ನೇ ತಗ್ಗಿಸಿಡುವುದು ಸಾಮಾನ್ಯ, ಮಗು ಕಳೆದುಕೊಳ್ಳುವುದು ಆಗಲೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ತಂದೆತಾಯಿಗೆ ಗೊತ್ತಿಲ್ಲದಿದ್ದರೆ ಹೇಳಿ.

ಕೂರಿಸುವ ಜಾಗಕ್ಕೂ ಲೆಕ್ಕವಿದೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಯಂತ್ರ ನಿಮ್ಮ ಮಾತಿನ ಜೊತೆಗೆ ಫ್ಯಾನಿನ ಸದ್ದನ್ನೂ ದೊಡ್ಡದು ಮಾಡುತ್ತದೆ. ಮೊದಲ ಅಥವಾ ಎರಡನೇ ಸಾಲಿನ ಬದಿಯಲ್ಲಿ, ಚೆನ್ನಾಗಿ ಕೇಳುವ ಕಿವಿ ನಿಮ್ಮ ಕಡೆಗಿರುವಂತೆ ಕೂರಿಸಿದರೆ ಮಗು ತಿರುಗಿ ಉಳಿದವರ ಮುಖವನ್ನೂ ನೋಡಬಹುದು. ನೀವು ಕಿಟಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ತುಟಿ ಕತ್ತಲಲ್ಲಿರುತ್ತದೆ. ಹಲಗೆಯ ಮೇಲೆ ಬರೆಯುತ್ತಾ ಮಾತಾಡಬೇಡಿ. ಬರೆದು, ತಿರುಗಿ, ಆಮೇಲೆ ಮಾತಾಡಿ.

ಒಂದು ಜಾಗದಲ್ಲಿ ಕೂರಲಾರದ ಮಗುವಿಗೆ ಇಪ್ಪತ್ತು ಲೆಕ್ಕದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಐದೈದೇ ಕಾಣುವಂತೆ ಕೊಡಿ, ಐದಾದ ಮೇಲೆ ಎದ್ದು ತೋರಿಸಲಿ. ‘ಪುಸ್ತಕ ತೆಗೆದು, 42ನೇ ಪುಟ ತಿರುವಿ, ಮೂರನೇ ಪ್ರಶ್ನೆ ಓದಿ, ಉತ್ತರ ಬರೆಯಿರಿ’ ಎಂಬುದು ನಾಲ್ಕು ಸೂಚನೆ. ಒಂದೊಂದಾಗಿ ಕೊಡಿ.

ಗಣಿತದಲ್ಲಿ ಕನ್ನಡ ನಮಗೆ ಒಳ್ಳೆಯ ಆಸರೆ. ‘ಇಪ್ಪತ್ಮೂರು’ ಎಂದರೆ ಇಪ್ಪತ್ತು, ಮೂರು; ಹೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ. ಎಡವುವುದು ಒಂಬತ್ತು, ತೊಂಬತ್ತು, ಒಂಬೈನೂರು ಇರುವಲ್ಲಿ. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ಒಂಬತ್ತು ಬಿಡಿಕಡ್ಡಿ, ಒಂಬತ್ತು ಕಟ್ಟು ಎರಡನ್ನೂ ಕೈಯಲ್ಲಿ ಹಿಡಿಸಿ. ಕಟ್ಟನ್ನು ಮಗುವೇ ಕಟ್ಟಬೇಕು, ಬಿಚ್ಚಬೇಕು. ಮೊದಲೇ ಕಟ್ಟಿಟ್ಟದ್ದನ್ನು ಕೊಟ್ಟರೆ ಅದು ಮಗುವಿಗೆ ಒಂದು ದಪ್ಪ ಕಡ್ಡಿ, ಅಷ್ಟೇ.

ಇಷ್ಟು ಬಗೆಯ ಮಕ್ಕಳಿಗೆ ಒಂದೇ ನಲವತ್ತು ನಿಮಿಷದಲ್ಲಿ ಹೇಗೆ ಪಾಠ ಮಾಡುವುದು ಎಂಬ ಪ್ರಶ್ನೆಗೆ ಬೇರಿನ ಪಾಠವನ್ನೇ ತೆಗೆದುಕೊಳ್ಳಿ. ಕಲಿಯಬೇಕಾದದ್ದು ತಾಯಿಬೇರಿಗೂ ತಂತುಬೇರಿಗೂ ಇರುವ ವ್ಯತ್ಯಾಸ. ಓದಲು ಬರುವುದು ಇದಕ್ಕೆ ಬಾಗಿಲಾಗಬೇಕಿಲ್ಲ. ಹಿಂದಿನ ದಿನವೇ ಶಾಲೆಯ ಅಂಗಳಕ್ಕೆ ನೀರು ಹಾಕಿಸಿ, ಒಣನೆಲದಿಂದ ಕಿತ್ತರೆ ಬೇರು ತುಂಡಾಗಿ ಬರುತ್ತದೆ. ಗುಂಪಿಗೆ ಒಂದು ಹುಲ್ಲಿನ ಅಥವಾ ರಾಗಿಯ ಬುಡ, ಒಂದು ಬದನೆಯ ಅಥವಾ ಹುರುಳಿಯ ಗಿಡ. ಕೂರಲಾರದ ಮಗು ಬಕೆಟ್ಟಿನಲ್ಲಿ ನೀರು ತಂದು ಮಣ್ಣು ತೊಳೆಯಲಿ. ದೃಷ್ಟಿ ಇಲ್ಲದ ಮಗುವಿನ ಬೆರಳಿಗೆ ಈ ಪಾಠ ಉಳಿದವರ ಕಣ್ಣಿಗಿಂತ ಚೆನ್ನಾಗಿ ಸಿಗುತ್ತದೆ. ಒಂದು ದಪ್ಪ ಬೇರು ಕೆಳಕ್ಕೆ ಇಳಿದು ಸಣ್ಣಗಾಗುವುದು, ಇನ್ನೊಂದರಲ್ಲಿ ಕೂದಲಿನಂಥ ಎಳೆಗಳು ಒಂದೇ ಬುಡದಿಂದ ಹರಡುವುದು. ಆ ಮಗುವೇ ಮೊದಲು ವಿವರಿಸಲಿ. ಕಿವಿ ಮಂದವಾದ ಮಗುವಿಗೆ ‘ತಾಯಿಬೇರು’, ‘ತಂತುಬೇರು’ ಎಂಬ ಎರಡು ಹೊಸ ಪದಗಳನ್ನು ಪಾಠಕ್ಕೆ ಮೊದಲೇ ಕಾರ್ಡಿನಲ್ಲಿ ತೋರಿಸಿಟ್ಟಿರಿ, ತುಟಿ ನೋಡಿ ಹಿಡಿಯಲು ಗೊತ್ತಿರುವ ಪದವಾಗಿರಬೇಕು. ಗುಣಿತದಲ್ಲಿ ನಿಂತ ಮಗು ಆ ಕಾರ್ಡುಗಳನ್ನು ಓದಿ ಸರಿಯಾದ ಬೇರಿನ ಪಕ್ಕ ಇಡಲಿ, ಒತ್ತಕ್ಷರ ದಾಟಿದವರು ಮೂರು ವಾಕ್ಯ ಬರೆಯಲಿ, ಸರಾಗವಾಗಿ ಬರೆಯುವವರು ಗಾಳಿಗೆ ಯಾವ ಗಿಡ ಬೇಗ ಕಿತ್ತುಬರುತ್ತದೆ, ಏಕೆ ಎಂದು ಬರೆಯಲಿ. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ: ಹೊಸದೊಂದು ಗಿಡ ಕೈಗೆ ಕೊಟ್ಟು, ಇದು ಯಾವ ಬೇರು, ಹೇಗೆ ಹೇಳಿದೆ?

ಇಲ್ಲಿ ಹೆಚ್ಚಾಗಿ ಆಗುವ ತಪ್ಪು, ಬರೆಯಲು ಬಾರದ ಮಗುವಿಗೆ ಪ್ರತಿ ಪಾಠದಲ್ಲೂ ಚಿತ್ರಕ್ಕೆ ಬಣ್ಣ ಹಚ್ಚುವ ಕೆಲಸ ಕೊಡುವುದು. ಮಗು ಸುಮ್ಮನೆ ಕೂರುತ್ತದೆ, ತರಗತಿ ಶಾಂತವಾಗಿರುತ್ತದೆ, ವರ್ಷ ಕಳೆಯುತ್ತದೆ, ಮಗು ‘ಅಕಿಕ’ದಲ್ಲೇ ಇರುತ್ತದೆ. ಪಾಠದ ವಿಚಾರಕ್ಕೆ ಓದು ಅಡ್ಡ ಬರದಂತೆ ನೋಡಿಕೊಳ್ಳುವುದು ಒಂದು ಕೆಲಸ, ಓದು ಕಲಿಸುವುದು ಇನ್ನೊಂದು. ಒಂದನ್ನು ಮಾಡಿದೆವೆಂದು ಇನ್ನೊಂದನ್ನು ಬಿಡುವಂತಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿಯ ತರಗತಿಗಳಲ್ಲಿ ಮೆಟ್ಟಿಲು, ಮೈಲಿಗಲ್ಲುಗಳ ಏಣಿಯಿಟ್ಟಿರುವುದು ಈ ಕಾರಣಕ್ಕೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದು ಶುರುವಾದಾಗಿನ ತಿರುಳೇ ಮಗು ನಿಂತಲ್ಲಿಂದ ಮುಂದಿನ ಮೆಟ್ಟಿಲು ಹತ್ತುವುದು. ‘ಅ, ಆ’ದಿಂದ ಹೊರಡದೆ ‘ರ, ಗ, ಸ, ದ, ಅ’ದಿಂದ ಹೊರಟಿದ್ದರಿಂದ ಮೊದಲ ವಾರಗಳಲ್ಲೇ ಮಗು ‘ಅರಸ’, ‘ಗರಗಸ’ ಓದಬಲ್ಲದು. ಮೂರನೇ ತರಗತಿ ಮುಗಿದು ನಾಲ್ಕಕ್ಕೆ ಬಂದಾಗ ಆ ಏಣಿ ಕಣ್ಮರೆಯಾಗುತ್ತದೆ. ನಾಲ್ಕು, ಐದರ ಶಿಕ್ಷಕರು ಹಳೆಯ ಕಾರ್ಡುಗಳನ್ನು ಕಪಾಟಿನಿಂದ ತರಿಸಿಕೊಳ್ಳಲು ಸಂಕೋಚಪಡಬೇಕಿಲ್ಲ.

ಮೂರು ತಿಂಗಳು ಇಷ್ಟೆಲ್ಲ ಮಾಡಿದ ಮೇಲೂ ಪದಪಟ್ಟಿಯಲ್ಲಿ ಒಂದು ಸಾಲೂ ಮೇಲೇರದ ಮಗುವನ್ನು ವಿಶೇಷ ಅಗತ್ಯದ ಮಕ್ಕಳನ್ನು ಎಲ್ಲರ ಜೊತೆ ಕಲಿಸಲು ನೆರವಾಗುವ, ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ ತೋರಿಸಿ. ಮಗು ಓದಿದ್ದನ್ನು ದಿನಾಂಕ ಹಾಕಿ ಬರೆದಿಟ್ಟ ನಿಮ್ಮ ಹಾಳೆಗಳೇ ಆಗ ದೊಡ್ಡ ದಾಖಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಓದು, ಬರಹ, ಲೆಕ್ಕದಲ್ಲಿ ತೊಡಕಾಗುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಆ ನ್ಯೂನತೆಯ ಪ್ರಮಾಣಪತ್ರಕ್ಕೆ ಸಮಯ ಹಿಡಿಯುತ್ತದೆ, ಎಸ್ಸೆಸ್ಸೆಲ್ಸಿ ಬಂದಾಗ ಓಡಾಡಿದರೆ ಆಗದು. ಎಂಟನೇ ತರಗತಿಯಲ್ಲೇ ಶುರುಮಾಡಿ. ಪರೀಕ್ಷೆಯಲ್ಲಿ ತಾವು ಹೇಳಿದ್ದನ್ನು ಬರೆದುಕೊಡುವ ಬರಹಗಾರರ ನೆರವು ಪಡೆಯುವವರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಮೂರು ಗಂಟೆಯ ಪರೀಕ್ಷೆಗೆ ಅದು ಒಂದು ಗಂಟೆ.

ಸಮಯ ಸಿಕ್ಕರೆ ಸಾಲದು, ಹೇಳಿ ಬರೆಸುವ ಅಭ್ಯಾಸವೂ ಬೇಕು. ಮನಸ್ಸಿನಲ್ಲಿರುವ ಉತ್ತರವನ್ನು ಬರೆಯುವವರ ಕೈಯ ವೇಗಕ್ಕೆ ತಕ್ಕ ಹಾಗೆ ತುಂಡು ತುಂಡಾಗಿ ಹೇಳುವುದು, ಎಲ್ಲಿಯವರೆಗೆ ಹೇಳಿದ್ದೆ ಎಂದು ನೆನಪಿಡುವುದು, ‘ಕೊನೆಯ ವಾಕ್ಯ ಓದಿ’ ಎಂದು ಧೈರ್ಯವಾಗಿ ಕೇಳುವುದು, ಚಿತ್ರದ ಭಾಗಗಳನ್ನು ಮಾತಿನಲ್ಲಿ ಗುರುತಿಸುವುದು. ಜೂನ್ ತಿಂಗಳ ಮೊದಲ ಘಟಕ ಪರೀಕ್ಷೆಯಿಂದಲೇ ಕೆಳಗಿನ ತರಗತಿಯ ಒಬ್ಬ ವಿದ್ಯಾರ್ಥಿಯನ್ನು ಜೊತೆಗೆ ಕೂರಿಸಿ ಇದನ್ನು ಮಾಡಿಸಿ. ಮೊದಲ ಸಲ ಅರ್ಧ ಪ್ರಶ್ನೆಪತ್ರಿಕೆಯೂ ಮುಗಿಯುವುದಿಲ್ಲ, ಗಾಬರಿಪಡಬೇಡಿ. ದೀಪಾವಳಿಯ ಹೊತ್ತಿಗೆ ಇಬ್ಬರಿಗೂ ಒಬ್ಬರ ವೇಗ ಒಬ್ಬರಿಗೆ ಗೊತ್ತಾಗಿರುತ್ತದೆ.